ಯಾರೂ ಕೇಳರಿಯದ ಎಲ್‌ಪಿಯನ್ನು ಮಾರುವ ಮುನ್ನ

ಪ್ರಶ್ನೆ: ನನ್ನ ಬಳಿ ಸುಮಾರು 400 ವಿನೈಲ್ ರೆಕಾರ್ಡ್‌ಗಳಿವೆ. ಜಾಗ ಸಾಲದ ಕಾರಣ ಒಂದಷ್ಟನ್ನು ಮಾರಲು ತೀರ್ಮಾನಿಸಿದ್ದೇನೆ. ಅವುಗಳಲ್ಲಿ ಒಂದು ಎಲ್‌ಪಿ, ಅಂದರೆ ಹಲವು ಹಾಡುಗಳಿರುವ ದೊಡ್ಡ ತಟ್ಟೆ, ಮಾತ್ರ ನನಗೆ ಒಗಟಾಗಿ ಉಳಿದಿದೆ. ನಾಲ್ಕು ಜನರ ತಂಡವೊಂದು ಸ್ವಂತ ಖರ್ಚಿನಲ್ಲಿ ಮಾಡಿಸಿದಂತೆ ತೋರುವ ಆ ರೆಕಾರ್ಡಿನ ಕವರಿನ ಮೇಲೆ ಇಸವಿಯೂ ಇಲ್ಲ, ಕಂಪನಿಯ ಹೆಸರೂ ಇಲ್ಲ. ಅಂತರ್ಜಾಲದಲ್ಲಿ ಎಷ್ಟು ಹುಡುಕಿದರೂ ಒಂದು ಸಾಲಿನ ಮಾಹಿತಿಯೂ ಸಿಕ್ಕಿಲ್ಲ. ಹಳೆಯ ರೆಕಾರ್ಡ್ ಕೊಳ್ಳುವ ವ್ಯಾಪಾರಿಯೊಬ್ಬರು ಮಿಕ್ಕ ಸಾಧಾರಣ ರೆಕಾರ್ಡ್‌ಗಳ ದರದಲ್ಲೇ ಇದನ್ನೂ ಕೇಳಿದರು. ಸಂಗ್ರಾಹಕರ ಗುಂಪೊಂದಕ್ಕೆ ಅದರ ಚಿತ್ರ ತೋರಿಸಿದ ಮರುದಿನವೇ ಅಪರಿಚಿತರೊಬ್ಬರು ವ್ಯಾಪಾರಿ ಹೇಳಿದ ದರದ ಹತ್ತು ಪಟ್ಟು ಕೊಡುವುದಾಗಿಯೂ, ಎರಡು ದಿನದೊಳಗೆ ಉತ್ತರ ಬೇಕೆಂದೂ ಬರೆದರು. ಇದರ ನಿಜವಾದ ಬೆಲೆ ಎಷ್ಟು? ಯಾರಿಗೆ, ಹೇಗೆ ಮಾರಲಿ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸುತ್ತೇನೆ. ಮೊದಲನೆಯದಕ್ಕೆ ರೆಕಾರ್ಡನ್ನು ಕಣ್ಣಾರೆ ಕಾಣದೆ, ಕಿವಿಯಾರೆ ಕೇಳದೆ ಯಾರಾದರೂ ಒಂದು ಮೊತ್ತ ಹೇಳಿದರೆ ಅದನ್ನು ನಂಬಬೇಡಿ. ಹೆಸರಾಂತ ಆಲ್ಬಮ್‌ಗಳಿಗೆ ಮಾರಾಟದ ಇತಿಹಾಸವಿರುತ್ತದೆ: ಅದೇ ಮುದ್ರಣದ ಪ್ರತಿಗಳು ಯಾವ ಸ್ಥಿತಿಯಲ್ಲಿ ಎಷ್ಟಕ್ಕೆ ಹೋದವೆಂದು ನೋಡಿ, ಅದರ ಆಸುಪಾಸಿನಲ್ಲಿ ಬೆಲೆ ಇಟ್ಟರೆ ಕೆಲಸ ಮುಗಿಯಿತು. ನಿಮ್ಮ ಎಲ್‌ಪಿಗೆ ಅಂಥ ಇತಿಹಾಸವೇ ಇಲ್ಲದಿರುವುದರಿಂದ ಈಗ ಬೆಲೆಯ ಮಾತು ತೆಗೆಯುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಅದು ಏನು, ಯಾವ ಸ್ಥಿತಿಯಲ್ಲಿದೆ, ಅದನ್ನು ಬೇಕೆನ್ನುವವರು ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಸಿಕ್ಕ ಮೇಲೆ ಬೆಲೆ ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಮೊದಲು ವ್ಯಾಪಾರಿಯ ವಿಷಯ. ಅವರು ನಿಮ್ಮನ್ನು ಮೋಸಗೊಳಿಸಲು ಯತ್ನಿಸಿದರೆಂದು ನನಗೆ ಅನ್ನಿಸುವುದಿಲ್ಲ. ಅಂಗಡಿಯವರು ತಾವು ಮಾರಬಹುದಾದ ದರದ ಅರ್ಧಕ್ಕಿಂತ ಕಡಿಮೆಗೆ ಕೊಳ್ಳುವುದು ಈ ವ್ಯವಹಾರದಲ್ಲಿ ಸಾಮಾನ್ಯ, ಏಕೆಂದರೆ ಕೊಂಡದ್ದು ಎಷ್ಟೋ ತಿಂಗಳು ಕಪಾಟಿನಲ್ಲಿ ಕೂರಬಹುದು, ಕೂತದ್ದರಲ್ಲಿ ಒಂದು ಪಾಲು ಎಂದೂ ಮಾರಾಟವಾಗದೆಯೂ ಉಳಿಯಬಹುದು. ಹೆಸರೇ ಗೊತ್ತಿಲ್ಲದ ರೆಕಾರ್ಡಿನ ಮಟ್ಟಿಗೆ ಅವರೂ ನಿಮ್ಮಷ್ಟೇ ಕತ್ತಲಲ್ಲಿರುತ್ತಾರೆ. ಆ ಅನಿಶ್ಚಿತತೆಗಾಗಿ ಅವರು ದರವನ್ನು ಇಳಿಸಿದ್ದಾರೆ, ಅಷ್ಟೆ. ಆದರೆ ಉಳಿದ ರೆಕಾರ್ಡ್‌ಗಳನ್ನು ಅವರಿಗೆ ಸಗಟಾಗಿ ಕೊಡುವುದಾದರೆ ಇದನ್ನು ಅದರಿಂದ ಹೊರಗಿಡಿ. ಒಟ್ಟಾಗಿ ಮಾರಿದ ಸಂಗ್ರಹಗಳಲ್ಲಿ ಒಂದೆರಡು ರೆಕಾರ್ಡ್‌ಗಳೇ ಇಡೀ ರಾಶಿಯ ದುಡ್ಡನ್ನು ವಾಪಸ್ ತಂದುಕೊಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅಪರಿಚಿತರ ಪತ್ರದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಅವರಿಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಬೇಡಿ.

ಅಂತರ್ಜಾಲದಲ್ಲಿ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಅದೊಂದು ನಿಧಿ ಎಂದು ಭಾವಿಸುವುದು ಮಾರುವವರು ಮಾಡುವ ಬಹು ಸಾಮಾನ್ಯವಾದ ತಪ್ಪು. ಅಪರೂಪವಾಗಿರುವುದು ಬೇರೆ, ಬೇಡಿಕೆ ಇರುವುದು ಬೇರೆ. ಶಾಲೆಗಳ ವಾದ್ಯವೃಂದಗಳು, ಪ್ರಾರ್ಥನಾ ಮಂದಿರಗಳ ಗಾಯನ ತಂಡಗಳು, ಹೋಟೆಲುಗಳಲ್ಲಿ ನುಡಿಸುತ್ತಿದ್ದ ಗೋಷ್ಠಿಗಳು ತಮ್ಮ ನೆನಪಿಗೆಂದು ಒಂದೋ ಎರಡೋ ನೂರು ಪ್ರತಿ ಒತ್ತಿಸಿಕೊಂಡ ಎಲ್‌ಪಿಗಳಿಗೆ ಜಗತ್ತಿನಲ್ಲಿ ಲೆಕ್ಕವಿಲ್ಲ. ಬ್ರಿಟನ್ನಿನಲ್ಲಿ 1973ರವರೆಗೆ ಜಾರಿಯಲ್ಲಿದ್ದ ಖರೀದಿ ತೆರಿಗೆಯಿಂದ ನೂರಕ್ಕಿಂತ ಕಡಿಮೆ ಪ್ರತಿಗಳ ಮುದ್ರಣಕ್ಕೆ ವಿನಾಯಿತಿ ಇದ್ದುದರಿಂದ ಎಷ್ಟೋ ತಂಡಗಳು ಸರಿಯಾಗಿ 99 ಪ್ರತಿಗಳನ್ನೇ ಮಾಡಿಸುತ್ತಿದ್ದವು. ಆ 99ರಲ್ಲಿ ಒಂದನ್ನು ಕೈಯಲ್ಲಿ ಹಿಡಿದವರು ಅಪರೂಪದ ವಸ್ತುವನ್ನೇ ಹಿಡಿದಿದ್ದಾರೆ, ನಿಜ. ಆದರೆ ಅದರಲ್ಲಿ ಇರುವುದು ಎಲ್ಲರೂ ಬಲ್ಲ ಹಾಡುಗಳ ಸಪ್ಪೆ ನಕಲಾದರೆ ಅದನ್ನು ಕೊಳ್ಳಲು ಆ ತಂಡದವರ ಮಕ್ಕಳನ್ನು ಬಿಟ್ಟು ಮತ್ತಾರೂ ಮುಂದೆ ಬರಲಿಕ್ಕಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಅಮೆರಿಕದ ಮೋಟೌನ್ ಸಂಗೀತ ಕಂಪನಿಯ ಸೋಲ್ ಎಂಬ ಲೇಬಲ್ಲಿಗಾಗಿ, ಅಂದರೆ ಉಪಬ್ರಾಂಡಿಗಾಗಿ, ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ ಒಂದು 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು ತಿರುಗುವ, ಬದಿಗೊಂದು ಹಾಡಿನ ಪುಟ್ಟ) ರೆಕಾರ್ಡಿನ ಬಿಡುಗಡೆಯನ್ನು ಕೈಬಿಟ್ಟು, ಒತ್ತಿದ ಪ್ರತಿಗಳನ್ನೂ ಬಹುಪಾಲು ನಾಶಮಾಡಲಾಯಿತು. ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದವು. ಅದು ಅಲ್ಲಿಗೇ ಮರೆಯಾಗಬೇಕಿತ್ತು. ಆದರೆ 1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ನೃತ್ಯಶಾಲೆಗಳಲ್ಲಿ, ಅಮೆರಿಕದವರೇ ಮರೆತಿದ್ದ ಸೋಲ್ ಎಂಬ ಆಫ್ರಿಕನ್ ಅಮೆರಿಕನ್ ಸಂಗೀತಕ್ಕೆ ಕುಣಿಯುವ ಒಂದು ಸಮುದಾಯವೇ ಬೆಳೆಯಿತು; ಅವರಿಗೆ ಈ ಹಾಡು ಪ್ರಾಣವಾಯಿತು; ಇಂದು ಆ ರೆಕಾರ್ಡ್ ಜಗತ್ತಿನ ಅತಿ ದುಬಾರಿ 45ಗಳ ಸಾಲಿನಲ್ಲಿದೆ. (ಆ ಕಾಲದ ಡಿಜೆಗಳು ತಮ್ಮ ಗುಟ್ಟಿನ ರೆಕಾರ್ಡ್‌ಗಳ ನಟ್ಟನಡುವಿನ ಲೇಬಲ್ ಚೀಟಿಗೆ ಕಾಗದ ಅಂಟಿಸಿ, ಸುಳ್ಳು ಹೆಸರಿನಲ್ಲಿ ನುಡಿಸುತ್ತಿದ್ದರು. ಈ ಹಾಡೂ ಹಲವು ಕಾಲ ಬೇರೊಬ್ಬ ಗಾಯಕನ ಹೆಸರಿನಲ್ಲೇ ಕೇಳಿಬಂತು.) ಅದರ ಬೆಲೆಯನ್ನು ಏರಿಸಿದ್ದು ಪ್ರತಿಗಳ ಕೊರತೆಯೊಂದೇ ಆಗಿದ್ದರೆ 99ರ ಎಲ್‌ಪಿಗಳೆಲ್ಲವೂ ಅಷ್ಟೇ ಬಾಳಬೇಕಿತ್ತು.

ಈಗ ನಿಮ್ಮ ರೆಕಾರ್ಡನ್ನು ಕೈಗೆತ್ತಿಕೊಳ್ಳಿ. ಕವರ್ ಏನನ್ನೂ ಹೇಳದಿದ್ದರೆ ತಟ್ಟೆಯೇ ಹೇಳುತ್ತದೆ. ಕೊನೆಯ ಹಾಡು ಮುಗಿದ ಜಾಗಕ್ಕೂ ಲೇಬಲ್ಲಿಗೂ ನಡುವೆ ಹಾಡಿಲ್ಲದ, ಹೊಳೆಯುವ ಒಂದು ಪಟ್ಟಿ ಇರುತ್ತದೆ. ಸಂಗ್ರಾಹಕರು ಇದನ್ನು ರನ್‌ಔಟ್ ಅಥವಾ ಡೆಡ್ ವ್ಯಾಕ್ಸ್ ಎನ್ನುತ್ತಾರೆ. ದೀಪದ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿದರೆ ಅಲ್ಲಿ ಕೈಯಲ್ಲಿ ಗೀಚಿದ ಅಥವಾ ಅಚ್ಚೊತ್ತಿದ ಅಕ್ಷರ, ಅಂಕಿಗಳು ಕಾಣುತ್ತವೆ. ಮೆರುಗೆಣ್ಣೆ ಲೇಪಿಸಿದ ಮೂಲ ಲ್ಯಾಕರ್ ತಟ್ಟೆಯ ಮೇಲೆ ಸಂಗೀತವನ್ನು ಕೊರೆದ ತಂತ್ರಜ್ಞನು ಅಲ್ಲೇ ಆ ಬದಿಯ ಗುರುತಾದ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಗೀಚುತ್ತಾನೆ. ಆ ಲ್ಯಾಕರಿನಿಂದ ಲೋಹದ ಅಚ್ಚು, ಅದರಿಂದ ಮದರ್ ಎಂಬ ಮರುಅಚ್ಚು, ಅದರಿಂದ ಸ್ಟ್ಯಾಂಪರ್ ಎಂಬ ಒತ್ತುವ ಅಚ್ಚು ತಯಾರಾಗಿ ಕೊನೆಗೆ ವಿನೈಲ್ ಒತ್ತಲ್ಪಡುವಾಗ ಆ ಗೀಚು ಪ್ರತಿಯೊಂದು ಪ್ರತಿಯ ಮೇಲೂ ಮೂಡುತ್ತದೆ. ಇಂಥ ತಂತ್ರಜ್ಞರಲ್ಲಿ ಹೆಸರಾಂತರಾದ ರೂಡಿ ವ್ಯಾನ್ ಗೆಲ್ಡರ್ ಅವರ ಆರ್‌ವಿಜಿ ಮುದ್ರೆಯನ್ನಾಗಲಿ, ಜಾರ್ಜ್ ಪೆಕ್ಹ್ಯಾಮ್ ಗೀಚುತ್ತಿದ್ದ ಪೋರ್ಕಿ ಎಂಬ ಅಡ್ಡಹೆಸರನ್ನಾಗಲಿ ಹುಡುಕಿಕೊಂಡು ಹೋಗುವ ಸಂಗ್ರಾಹಕರಿದ್ದಾರೆ. ಸ್ವಂತ ಖರ್ಚಿನ ರೆಕಾರ್ಡ್‌ಗಳ ಮಟ್ಟಿಗೆ ಈ ಪಟ್ಟಿ ಇನ್ನೂ ಮುಖ್ಯ, ಏಕೆಂದರೆ ಹೆಸರಿಲ್ಲದ ತಂಡಕ್ಕೂ ಒಂದು ಕಾರ್ಖಾನೆ ಒತ್ತಿಕೊಟ್ಟಿರಲೇಬೇಕು, ಮತ್ತು ಕಾರ್ಖಾನೆಗಳು ತಮ್ಮ ಕೆಲಸಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದವು. ಉದಾಹರಣೆಗೆ, ಅಮೆರಿಕದ ಆರ್‌ಸಿಎ ಕಂಪನಿಯ ಕಸ್ಟಮ್ ವಿಭಾಗ ಹೊರಗಿನವರಿಗಾಗಿ ಒತ್ತಿಕೊಟ್ಟ ರೆಕಾರ್ಡ್‌ಗಳ ಸಂಖ್ಯೆಯ ಮೊದಲ ಅಕ್ಷರವೇ ವರ್ಷದ ಸಂಕೇತವಾಗಿತ್ತು. ಆದ್ದರಿಂದ ಎರಡೂ ಬದಿಯ ಪಟ್ಟಿಯಲ್ಲಿರುವುದನ್ನು, ಅಡ್ಡಗೆರೆ, ಚುಕ್ಕೆ, ಹೊಡೆದುಹಾಕಿದ ಅಂಕಿ ಸಹಿತ, ಇದ್ದಹಾಗೆಯೇ ಬರೆದುಕೊಳ್ಳಿ.

ಇಸವಿಯನ್ನು ಸುತ್ತುವರಿದು ಹಿಡಿಯಲು ಇನ್ನೂ ಕೆಲವು ಸುಳಿವುಗಳಿವೆ. ಧ್ವನಿಮುದ್ರಣದ ಹಕ್ಕನ್ನು ಸೂಚಿಸುವ, ವೃತ್ತದೊಳಗಿನ ಪಿ ಅಕ್ಷರದ ಚಿಹ್ನೆಯನ್ನು ಗೊತ್ತುಪಡಿಸಿದ್ದು 1961ರ ರೋಮ್ ಒಪ್ಪಂದ. ಆದ್ದರಿಂದ ಆ ಚಿಹ್ನೆಯಿರುವ ಪ್ರತಿ 1950ರ ದಶಕದ್ದಾಗಿರಲಾರದು. ಕವರಿನ ಮೇಲೆ ಬಾರ್‌ಕೋಡ್ ಇದ್ದರೆ ಅದು 1970ರ ದಶಕದ ಕೊನೆಯ ನಂತರದ್ದು. ಡಿಎಂಎಂ ಎಂಬ ಗುರುತು, ಅಂದರೆ ನೇರವಾಗಿ ತಾಮ್ರದ ಮೇಲೆ ಕೊರೆಯುವ ವಿಧಾನದ ಗುರುತು, 1980ರ ದಶಕಕ್ಕಿಂತ ಹಿಂದೆ ಸಿಗುವುದಿಲ್ಲ. ಕವರಿನ ಕೇಶವಿನ್ಯಾಸ, ಉಡುಪು, ವಾದ್ಯಗಳನ್ನು ನೋಡಿ ಕಾಲ ಊಹಿಸುವವರಿದ್ದಾರೆ. ನಾನೂ ಮಾಡುತ್ತೇನೆ, ಆದರೆ ಹಾಗೆ ಊಹಿಸಿ ಬರೆದ ಇಸವಿ ಮಾರಾಟದ ವಿವರಣೆಯೊಳಗೆ ಸೇರಕೂಡದು.

ಇಷ್ಟು ಮಾಹಿತಿಯೊಂದಿಗೆ ಮತ್ತೆ ಹುಡುಕಿ. ಬಹಳಷ್ಟು ಜನ ತಂಡದ ಹೆಸರನ್ನಷ್ಟೇ ಹುಡುಕಿ ಕೈಚೆಲ್ಲುತ್ತಾರೆ. ಹಾಡುಗಳ ಹೆಸರು, ಹಾಡು ಬರೆದವರ ಹೆಸರು, ಕವರಿನ ಹಿಂಬದಿಯ ಛಾಯಾಗ್ರಾಹಕರ ಅಥವಾ ಧ್ವನಿಮುದ್ರಣ ಸ್ಟುಡಿಯೊದ ಹೆಸರು, ಮ್ಯಾಟ್ರಿಕ್ಸ್ ಸಂಖ್ಯೆಯ ಒಂದು ತುಣುಕು, ಹೀಗೆ ಒಂದೊಂದನ್ನೂ ಪ್ರತ್ಯೇಕವಾಗಿ ಹುಡುಕಿ. ರೆಕಾರ್ಡ್‌ಗಳ ಅತಿ ದೊಡ್ಡ ದಾಖಲೆಗಳಲ್ಲಿ ಒಂದಾದ ಡಿಸ್ಕಾಗ್ಸ್ 2000ದಲ್ಲಿ ಆರಂಭವಾಯಿತು. ಬಳಕೆದಾರರೇ ವಿವರ ತುಂಬುವ ಈ ತಾಣದಲ್ಲಿ ಪ್ರತಿ ಮುದ್ರಣಕ್ಕೂ ಬೇರೆ ಪುಟವಿದ್ದು, ಎಷ್ಟು ಜನರ ಬಳಿ ಅದಿದೆ, ಎಷ್ಟು ಜನ ಬೇಕೆಂದು ಗುರುತು ಹಾಕಿದ್ದಾರೆ, ಹಿಂದೆ ಎಷ್ಟಕ್ಕೆ ಮಾರಾಟವಾಯಿತು ಎಂಬ ವಿವರಗಳಿರುತ್ತವೆ. ಹಳೆಯ ಹರಾಜುಗಳ ಫಲಿತಾಂಶಕ್ಕೆ ಪಾಪ್‌ಸೈಕ್ ಎಂಬ ಸಂಗ್ರಹವಿದೆ. ಎಲ್ಲೇ ನೋಡಿದರೂ ಮಾರಾಟಗಾರರು ಕೇಳುತ್ತಿರುವ ಬೆಲೆಯನ್ನು ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆಯನ್ನಷ್ಟೇ ಗಮನಿಸಿ. ಆಕಾಶದಷ್ಟು ಬೆಲೆ ಬರೆದು ವರ್ಷಗಟ್ಟಲೆ ಕೂರಲು ಯಾರಿಗೂ ಅಡ್ಡಿಯಿಲ್ಲ.

ಅಲ್ಲಿಯೂ ನಿಮ್ಮ ರೆಕಾರ್ಡಿನ ಪುಟವಿಲ್ಲದಿದ್ದರೆ ನೀವೇ ಅದನ್ನು ದಾಖಲಿಸಿ. ಇಲ್ಲಿ ಒಂದು ಸೂಕ್ಷ್ಮವಿದೆ. ಪುಟವೇ ಇಲ್ಲದ ರೆಕಾರ್ಡನ್ನು ಬೇಕೆಂದು ಗುರುತು ಹಾಕಲು ಇದುವರೆಗೆ ಯಾರಿಗೂ ಸಾಧ್ಯವಿರಲಿಲ್ಲ. ಹಾಗಾಗಿ ಬೇಕೆನ್ನುವವರ ಸಂಖ್ಯೆ ಮೊದಲಿಗೆ ಸೊನ್ನೆಯೇ ಆಗಿರುತ್ತದೆ, ಅದಕ್ಕೆ ಎದೆಗುಂದಬೇಕಾಗಿಲ್ಲ. ಸ್ಪಷ್ಟವಾದ ಚಿತ್ರಗಳು ಮತ್ತು ಪೂರ್ಣ ವಿವರದೊಂದಿಗೆ ಪುಟ ಸಿದ್ಧಪಡಿಸಿ, ಒಂದೆರಡು ತಿಂಗಳು ಸುಮ್ಮನಿರಿ. ಇಂಥ ಸ್ವಂತ ಖರ್ಚಿನ ರೆಕಾರ್ಡ್‌ಗಳನ್ನೇ ಹಿಂಬಾಲಿಸುವವರು ಹೊಸದಾಗಿ ಸೇರಿದ ಪುಟಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಆ ಅವಧಿಯಲ್ಲಿ ಬೇಕೆನ್ನುವವರು ಹತ್ತಾರು ಜನರಾದರೆ ಒಂದು ಅರ್ಥ, ಒಬ್ಬರೂ ಇಣುಕದಿದ್ದರೆ ಇನ್ನೊಂದು ಅರ್ಥ. ಪುಟ ತೆರೆದ ದಿನವೇ ಮಾರಾಟಕ್ಕಿಟ್ಟು, ಮರುದಿನವೇ ಮೊದಲು ಕೇಳಿದವರಿಗೆ ಕೊಟ್ಟು, ಆರು ತಿಂಗಳ ಬಳಿಕ ಕೈ ಹಿಸುಕಿಕೊಂಡವರು ನನಗೆ ಗೊತ್ತು. ಅವರಲ್ಲಿ ಒಬ್ಬ ನಾನೇ.

ತಂಡದವರಲ್ಲಿ ಯಾರಾದರೂ ಪತ್ತೆಯಾಗುವಂತಿದ್ದರೆ ಅವರನ್ನು ಸಂಪರ್ಕಿಸುವುದೂ ಒಳ್ಳೆಯದು. ಎಷ್ಟು ಪ್ರತಿ ಒತ್ತಿಸಿದರು, ಯಾವ ವರ್ಷ, ಎಲ್ಲಿ ಎಂಬ ಮಾಹಿತಿ ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರಲಾರದು. ಅದಕ್ಕಿಂತ ಮುಖ್ಯವಾದದ್ದೆಂದರೆ ಮಾರಾಟವಾಗದೆ ಉಳಿದ ಪ್ರತಿಗಳು ಅವರ ಅಟ್ಟದ ಮೇಲೆ ಪೆಟ್ಟಿಗೆಗಟ್ಟಲೆ ಇವೆಯೇ ಎಂಬುದು. ಇಂದು ಅಪರೂಪವೆನಿಸಿದ ರೆಕಾರ್ಡಿನ 50 ಹೊಚ್ಚಹೊಸ ಪ್ರತಿಗಳು ಒಂದೇ ಪೆಟ್ಟಿಗೆಯಿಂದ ಹೊರಬಂದು ಬೆಲೆ ನೆಲಕಚ್ಚುವುದು ಈ ಲೋಕದಲ್ಲಿ ಆಗಾಗ ನಡೆಯುವಂಥದ್ದೇ. ಮಾತನಾಡುವಾಗ ಮಾರುವ ಉದ್ದೇಶವನ್ನು ಮುಚ್ಚಿಡಬೇಡಿ. ಅಭಿಮಾನಿಯೆಂದು ನಟಿಸಿ ಮಾಹಿತಿ ಪಡೆಯುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಸ್ಥಿತಿ. ಗೋಲ್ಡ್‌ಮೈನ್ ಪತ್ರಿಕೆಯ ಹೆಸರಿನಲ್ಲಿ ಪ್ರಚಲಿತವಾಗಿರುವ ಶ್ರೇಣಿಗಳನ್ನೇ ಹೆಚ್ಚಿನ ಮಾರುಕಟ್ಟೆಗಳು ಬಳಸುತ್ತವೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಅದರ ಕೆಳಗೆ ಗುಡ್ ಪ್ಲಸ್, ಗುಡ್, ಫೇರ್, ಪೂರ್. ಹೊಸಬರು ಎಡವುವುದು ಈ ಹೆಸರುಗಳ ಅರ್ಥದಲ್ಲಿ. ಗುಡ್ ಎಂಬ ಶ್ರೇಣಿಯ ರೆಕಾರ್ಡ್ ಒಳ್ಳೆಯದಾಗಿರುವುದಿಲ್ಲ. ಹಾಡಿನುದ್ದಕ್ಕೂ ಕರಕರ ಸದ್ದು ಕೇಳಿಬರುವ, ಬೇರೆ ಪ್ರತಿ ಸಿಗದಿದ್ದರೆ ಮಾತ್ರ ಇಟ್ಟುಕೊಳ್ಳುವಂಥದ್ದು. ಮಿಂಟ್ ಎಂದರೆ ಮುಳ್ಳು ತಾಗಿರದ ತಟ್ಟೆ. ನಿಮ್ಮ ಬಳಿಯಿರುವ ಹಳೆಯ ರೆಕಾರ್ಡಿಗೆ ಆ ಪದವನ್ನು ಬಳಸಲೇಬೇಡಿ. ಬ್ರಿಟನ್ನಿನ ರೆಕಾರ್ಡ್ ಕಲೆಕ್ಟರ್ ಪತ್ರಿಕೆಯ ಪದ್ಧತಿಯಲ್ಲಿ ಎಕ್ಸಲೆಂಟ್ ಎಂಬ ಬೇರೆಯೇ ಮೆಟ್ಟಿಲಿರುವುದರಿಂದ ನೀವು ಯಾವ ಪದ್ಧತಿಯಲ್ಲಿ ಬರೆದಿದ್ದೀರೆಂದೂ ಹೇಳಬೇಕು. ಗೋಲ್ಡ್‌ಮೈನ್ ಲೆಕ್ಕದಲ್ಲಿ ವೆರಿ ಗುಡ್ ಪ್ಲಸ್ ಪ್ರತಿ ನಿಯರ್ ಮಿಂಟ್ ಬೆಲೆಯ ಸುಮಾರು ಅರ್ಧವನ್ನೂ, ವೆರಿ ಗುಡ್ ಪ್ರತಿ ಕಾಲುಭಾಗವನ್ನೂ ತರುತ್ತದೆ. ನಿಮ್ಮದರಂಥ ರೆಕಾರ್ಡಿಗೆ ಈ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿ ಹೊಂದುವುದಿಲ್ಲ. ಬೇರೆ ಪ್ರತಿಯೇ ಕಾಣದಿರುವಾಗ ಗೀರು ಬಿದ್ದದ್ದಕ್ಕೂ ಜನ ಮುಂದೆ ಬರುತ್ತಾರೆ, ಗೀರು ಎಲ್ಲಿದೆ, ಹೇಗೆ ಕೇಳಿಸುತ್ತದೆ ಎಂದು ಮೊದಲೇ ಹೇಳಿದ್ದರೆ.

ಹಾಗೆ ಹೇಳಬೇಕಾದರೆ ನೋಡಿದ್ದು ಸಾಲದು, ಎರಡೂ ಬದಿಗಳನ್ನು ಪೂರ್ತಿಯಾಗಿ ಕೇಳಬೇಕು. ನೋಟಕ್ಕೆ ಕನ್ನಡಿಯಂತಿರುವ ತಟ್ಟೆಯೂ, ಹಿಂದೆ ಭಾರವಾದ ಮುಳ್ಳಿನ ಕೆಳಗೆ ಸವೆದಿದ್ದರೆ, ಹಾಡು ಜೋರಾದ ಕಡೆ, ಅದರಲ್ಲೂ ಬದಿಯ ಕೊನೆಯ ಹಾಡಿನಲ್ಲಿ, ಧ್ವನಿ ಒಡೆದು ಕೇಳಿಸುತ್ತದೆ. ನೋಟಕ್ಕೆ ಹೆದರಿಸುವ ತೆಳುಗೀರುಗಳು ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. 33⅓ ಆರ್‌ಪಿಎಂ ವೇಗದ ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುವುದರಿಂದ ಗೀರಿನ ಟಿಕ್ ಸದ್ದು ಅದೇ ಅಂತರದಲ್ಲಿ ಮರುಕಳಿಸುತ್ತದೆ, ಅದನ್ನು ಎಣಿಸಿ. ‘ಎರಡನೆಯ ಬದಿಯ ಮೂರನೆಯ ಹಾಡಿನ ಆರಂಭದಲ್ಲಿ ಸುಮಾರು 12 ಸುತ್ತುಗಳವರೆಗೆ ಮೆಲ್ಲನೆಯ ಟಿಕ್ ಸದ್ದು ಇದೆ, ಮುಳ್ಳು ಎಲ್ಲಿಯೂ ಜಾರುವುದಿಲ್ಲ’ ಎಂದು ಬರೆದರೆ, ಕೊಳ್ಳುವವರು ಅದು 20 ಸೆಕೆಂಡಿಗೆ ಸ್ವಲ್ಪ ಮೇಲ್ಪಟ್ಟ ತೊಂದರೆಯೆಂದು ತಾವೇ ಲೆಕ್ಕ ಹಾಕುತ್ತಾರೆ. ‘ಹಳೆಯದಾದ್ದರಿಂದ ಅಲ್ಲಲ್ಲಿ ಸ್ವಲ್ಪ ಸದ್ದಿದೆ’ ಎಂಬ ವಾಕ್ಯ ಅವರಿಗೆ ಏನನ್ನೂ ತಿಳಿಸುವುದಿಲ್ಲ, ಬದಲಿಗೆ ಅನುಮಾನ ಹುಟ್ಟಿಸುತ್ತದೆ. ತಟ್ಟೆಯನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಬಾಗಿದೆಯೇ ನೋಡಿ. ಕವರಿಗೆ ಪ್ರತ್ಯೇಕ ಶ್ರೇಣಿ ಕೊಡಿ: ಅಂಚಿನ ಅಂಟು ಬಿಟ್ಟಿದೆಯೇ, ಒಳಗಿನ ತಟ್ಟೆಯ ಉರುಟು ಕವರಿನ ಮೇಲೆ ಉಜ್ಜಿ ಮೂಡಿದೆಯೇ, ಮೂಲೆಗಳು ಮುದುಡಿವೆಯೇ, ಹಳೆಯ ಮಾಲೀಕರ ಹೆಸರು ಬರೆದಿದೆಯೇ ಎಂಬುದೆಲ್ಲ ಅಲ್ಲಿಗೆ ಸೇರುತ್ತದೆ. ಒಳಗೆ ಹಾಡುಗಳ ಸಾಹಿತ್ಯದ ಹಾಳೆಯೋ ತಂಡದ ಪತ್ರವೋ ಇದ್ದರೆ ಅದನ್ನು ಕಳೆಯಬೇಡಿ. ಸ್ವಂತ ಖರ್ಚಿನ ರೆಕಾರ್ಡ್‌ಗಳಲ್ಲಿ ಆ ಒಂದು ಹಾಳೆಯೇ ಬೆಲೆಯನ್ನು ಗಣನೀಯವಾಗಿ ಮೇಲೆತ್ತಬಲ್ಲದು.

ಕೇಳುವ ಮುನ್ನ ತಟ್ಟೆಯನ್ನು ಶುಚಿಗೊಳಿಸಬೇಕು, ಆದರೆ ಹುಮ್ಮಸ್ಸಿನಿಂದಲ್ಲ. ಭಟ್ಟಿಯಿಳಿಸಿದ ನೀರು, ರೆಕಾರ್ಡಿಗೆಂದೇ ತಯಾರಿಸಿದ ದ್ರಾವಣ, ಮೆತ್ತನೆಯ ಬ್ರಷ್, ಗೆರೆಗಳು ಸಾಗುವ ದಿಕ್ಕಿನಲ್ಲೇ ಒರೆಸುವ ತಾಳ್ಮೆ ಇದ್ದರೆ ಸಾಕು. ನಿರ್ವಾತದಿಂದ ನೀರು ಹೀರುವ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಲೇಬಲ್ ನೆನೆಯಬಾರದು. ಕವರಿನ ಮೇಲಿನ ಚೀಟಿ ಕೀಳುವುದು, ಹರಿದ ಅಂಚಿಗೆ ಟೇಪ್ ಹಚ್ಚುವುದು, ಮಾಸಿದ ಬಣ್ಣಕ್ಕೆ ಪೆನ್ನು ತಿದ್ದುವುದು ಬೇಡವೇ ಬೇಡ. ಒಂದು ವಿಷಯದಲ್ಲಿ ಮಾತ್ರ ಎಚ್ಚರ: ತಟ್ಟೆ ಅಸಹಜವಾಗಿ ಭಾರವಾಗಿದ್ದು, ಅಂಚಿನಲ್ಲಿ ಅಥವಾ ನಡುರಂಧ್ರದ ಒಳಗೆ ಅಲ್ಯೂಮಿನಿಯಂ ಹೊಳೆದರೆ, ಅದು ಒತ್ತಿದ ವಿನೈಲ್ ಆಗಿರದೆ, ಅಲ್ಯೂಮಿನಿಯಂ ಮೇಲೆ ಲ್ಯಾಕರ್ ಬಳಿದು ಒಂದೊಂದಾಗಿ ಕೊರೆದ ಅಸಿಟೇಟ್ ತಟ್ಟೆ. ಅದನ್ನು ತೊಳೆಯಬೇಡಿ, ಮತ್ತೆ ಮತ್ತೆ ನುಡಿಸಲೂ ಬೇಡಿ. ಪ್ರತಿ ಸಲವೂ ಅದು ಸವೆಯುತ್ತದೆ. ಆಗ ಅದನ್ನು ಬಲ್ಲವರಿಗೆ ಮೊದಲು ತೋರಿಸಿ. ನೀವು ಹೇಳಿದ ಕವರನ್ನು ನೋಡಿದರೆ ಅದು ಅಸಿಟೇಟ್ ಆಗಿರುವ ಸಾಧ್ಯತೆ ಕಡಿಮೆ.

ವಿವರಣೆ ಬರೆಯುವಾಗ ‘ಅತ್ಯಪರೂಪ’, ‘ಮಾಣಿಕ್ಯ’, ‘ಸೈಕೆಡೆಲಿಕ್’ ಎಂಬಂಥ ಮಾತುಗಳನ್ನು ಬಿಟ್ಟುಬಿಡಿ. ಅವುಗಳನ್ನು ಓದಿ ಓದಿ ಸಂಗ್ರಾಹಕರ ಕಣ್ಣು ಜಡ್ಡುಗಟ್ಟಿದೆ. ಯಾವ ವಾದ್ಯಗಳಿವೆ, ಹಾಡುಗಳು ತಂಡದವರೇ ರಚಿಸಿದವೋ ಬೇರೆಯವರವೋ, ಹಾಡುವವರು ಯಾರು, ಯಾವ ಹಾಡು ಎಷ್ಟು ನಿಮಿಷದ್ದು ಎಂದು ತಿಳಿಸಿ. ಸ್ವಂತ ರಚನೆಗಳಿರುವ ಆಲ್ಬಮ್ಮಿಗೆ, ಪ್ರಸಿದ್ಧ ಹಾಡುಗಳನ್ನು ಮರಳಿ ಹಾಡಿದ ಆಲ್ಬಮ್ಮಿಗಿಂತ ಬೇಡಿಕೆ ಹೆಚ್ಚಿರುವುದೇ ರೂಢಿ. ಕೆಲವೊಮ್ಮೆ ಹನ್ನೊಂದು ನೀರಸ ಹಾಡುಗಳ ನಡುವೆ ಒಂದೇ ಒಂದು ಹಾಡಿನ ಡ್ರಮ್ ನುಡಿತಕ್ಕಾಗಿಯೇ ಡಿಜೆಗಳು ಇಡೀ ಎಲ್‌ಪಿಯನ್ನು ಕೊಳ್ಳುವುದುಂಟು. ನೀವು ಇಷ್ಟಪಡದ ಹಾಡೇ ಅದಾಗಿರಬಹುದಾದ್ದರಿಂದ ಪ್ರತಿ ಬದಿಯ ಎರಡು ಮೂರು ಕಡೆಗಳಿಂದ ಅರ್ಧರ್ಧ ನಿಮಿಷದ ಧ್ವನಿ ತುಣುಕುಗಳನ್ನು ತೆಗೆದು, ಕೇಳಿದವರಿಗೆ ಕಳುಹಿಸಿ. ಯಾರೂ ಕೇಳಿರದ ಸಂಗೀತವನ್ನು ಕೇಳಿಸದೆ ಮಾರುವುದಕ್ಕೂ, ಕೇಳಿಸಿ ಮಾರುವುದಕ್ಕೂ ಬೆಲೆಯಲ್ಲಿ ಅಜಗಜಾಂತರವಿದೆ. ಪೂರ್ತಿ ಆಲ್ಬಮ್ಮನ್ನು ಸಾರ್ವಜನಿಕವಾಗಿ ಹರಿಯಬಿಡಬೇಡಿ. ತಟ್ಟೆ ನಿಮ್ಮದಾದರೂ ಅದರೊಳಗಿನ ಸಂಗೀತದ ಹಕ್ಕು ನಿಮ್ಮದಲ್ಲ.

ಹರಾಜೋ, ನಿಗದಿತ ಬೆಲೆಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಕೆನ್ನುವವರ ಸಂಖ್ಯೆಯನ್ನು ಅವಲಂಬಿಸಿದೆ. ಈಬೇಯಂಥ ಹರಾಜಿನಲ್ಲಿ ಅಂತಿಮ ಬೆಲೆಯನ್ನು ನಿರ್ಧರಿಸುವವರು ಗೆದ್ದವರಿಗಿಂತ ಹೆಚ್ಚಾಗಿ ಎರಡನೆಯ ಸ್ಥಾನದಲ್ಲಿ ಸೋತವರು: ಅವರು ಬಿಟ್ಟುಕೊಟ್ಟ ಮೊತ್ತಕ್ಕಿಂತ ಒಂದು ಮೆಟ್ಟಿಲು ಮೇಲೆ ಹರಾಜು ನಿಲ್ಲುತ್ತದೆ. ಜಗತ್ತಿನಲ್ಲಿ ನಿಮ್ಮ ರೆಕಾರ್ಡಿಗಾಗಿ ಏನು ಬೇಕಾದರೂ ಕೊಡಬಲ್ಲ ಒಬ್ಬರೇ ಒಬ್ಬರಿದ್ದು, ಆ ವಾರ ಎರಡನೆಯವರು ಬರದಿದ್ದರೆ, ಅವರು ಅದನ್ನು ಆರಂಭದ ಬೆಲೆಗೇ ಒಯ್ಯುತ್ತಾರೆ. ಆದ್ದರಿಂದ ದಾಖಲೆಯ ಪುಟ ನೋಡಿ ಹಲವರು ಕುತೂಹಲ ತೋರಿದ್ದರೆ ಹರಾಜು ಸರಿ, ಆರಂಭದ ಬೆಲೆಯನ್ನು ಮಾತ್ರ ನಿಮಗೆ ನೋವಾಗದ ಮಟ್ಟದಲ್ಲಿಡಿ. ಆಸಕ್ತಿ ಒಬ್ಬಿಬ್ಬರದ್ದಷ್ಟೇ ಆಗಿದ್ದರೆ ನಿಗದಿತ ಬೆಲೆ ಬರೆದು, ಬೇರೆ ಮೊತ್ತ ಸೂಚಿಸಲು ಅವಕಾಶ ಕೊಟ್ಟು ಕಾಯಿರಿ. ಬೆಲೆಯನ್ನು ಅದೇ ಕಾಲದ, ಅದೇ ಬಗೆಯ ಸಂಗೀತವಿರುವ, ಅಷ್ಟೇ ಅಪರಿಚಿತವಾದ ನಾಲ್ಕೈದು ರೆಕಾರ್ಡ್‌ಗಳ ನಿಜ ಮಾರಾಟವನ್ನು ನೋಡಿ, ಅವುಗಳ ಮೇಲ್ಮಟ್ಟದಲ್ಲಿಡಿ. ಇಳಿಸುವುದು ಯಾವಾಗಲೂ ಸಾಧ್ಯ, ಮಾರಿದ ಮೇಲೆ ಏರಿಸಲಾಗದು. ಮಾರುಕಟ್ಟೆಯ ಶುಲ್ಕವನ್ನು ಅನೇಕ ಕಡೆ ಸಾಗಣೆ ವೆಚ್ಚವನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ, ಅದನ್ನು ಮೊದಲೇ ಲೆಕ್ಕಕ್ಕೆ ತನ್ನಿ. ತೀರ ದುಬಾರಿಯಾಗುವ ಸೂಚನೆ ಕಂಡರೆ ಪ್ರತಿಷ್ಠಿತ ಮಾರಾಟಗಾರರ ಮೂಲಕ ದಲ್ಲಾಳಿ ಶುಲ್ಕ ಕೊಟ್ಟು ಮಾರಿಸುವುದೂ ಒಂದು ದಾರಿ. ಅವರ ಹೆಸರಿನ ಮೇಲಿನ ನಂಬಿಕೆಯೇ ಆ ಶುಲ್ಕವನ್ನು ಬಹಳ ಸಲ ಮರಳಿ ತರುತ್ತದೆ.

ಮರುಮುದ್ರಣದ ಸಂಸ್ಥೆಗಳಿಂದಲೂ ನಿಮಗೆ ಪತ್ರ ಬರಬಹುದು. ಮೂಲ ಟೇಪು ಕಳೆದುಹೋದ ರೆಕಾರ್ಡ್‌ಗಳನ್ನು ಅವರು ಶುಚಿಯಾದ ತಟ್ಟೆಯೊಂದರಿಂದಲೇ ಮರುಧ್ವನಿಮುದ್ರಿಸಿ ಹೊರತರುತ್ತಾರೆ. ಹಕ್ಕಿನ ಮಾತುಕತೆಯನ್ನು ಅವರು ತಂಡದವರೊಂದಿಗೆ ನಡೆಸಬೇಕು, ನಿಮ್ಮೊಂದಿಗಲ್ಲ. ನೀವು ತಟ್ಟೆಯನ್ನು ಮಾರಬಹುದು ಅಥವಾ ಲಿಖಿತ ಕರಾರಿನ ಮೇಲೆ ಎರವಲು ಕೊಡಬಹುದು. ಮರುಮುದ್ರಣವಾದರೆ ಮೂಲ ಪ್ರತಿಯ ಬೆಲೆ ಬಿದ್ದುಹೋಗುತ್ತದೆಂಬ ಭಯ ಸಾಮಾನ್ಯ. ಕೇಳಲೆಂದು ಮಾತ್ರ ಕೊಳ್ಳುತ್ತಿದ್ದವರು ಆಗ ದೂರಸರಿಯುವುದು ನಿಜ. ಆದರೆ ವಷ್ಟಿ ಬನ್ಯನ್ ಎಂಬ ಇಂಗ್ಲಿಷ್ ಗಾಯಕಿಯ ವಿಷಯ ನೋಡಿ: 1970ರಲ್ಲಿ ಬಂದ ಅವರ ಮೊದಲ ಆಲ್ಬಮ್ ಹೇಳಹೆಸರಿಲ್ಲದಂತೆ ಹೋಗಿ, ಅವರು ಸಂಗೀತವನ್ನೇ ಬಿಟ್ಟರು; 2000ದಲ್ಲಿ ಅದು ಮರಳಿ ಬಿಡುಗಡೆಯಾದಾಗ ಹೊಸ ಕೇಳುಗರು ಹುಟ್ಟಿಕೊಂಡರು, ಮೂಲ ಪ್ರತಿಗಾಗಿ ದೊಡ್ಡ ಮೊತ್ತ ಕೊಡುವವರು ಇಂದಿಗೂ ಇದ್ದಾರೆ. ಯಾರೂ ಕೇಳದ ರೆಕಾರ್ಡಿಗಿಂತ ಹಲವರು ಕೇಳಿದ ರೆಕಾರ್ಡಿನ ಮೂಲ ಪ್ರತಿಯನ್ನು ಮಾರುವುದು ನನ್ನ ಅನುಭವದಲ್ಲಿ ಸುಲಭ.

ಈಗ ಆ ಅಪರಿಚಿತರು. ಚಿತ್ರ ನೋಡಿದ ಒಂದೇ ದಿನದಲ್ಲಿ ಹತ್ತು ಪಟ್ಟು ಕೊಡಲು ಸಿದ್ಧರಾದವರಿಗೆ ಈ ರೆಕಾರ್ಡಿನ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿರುವ ಸಂಭವವೇ ಹೆಚ್ಚು. ಅವರ ಪತ್ರದಲ್ಲಿ ಸ್ಥಿತಿಯ ಬಗ್ಗೆ ಏನಾದರೂ ಪ್ರಶ್ನೆ ಇತ್ತೇ ಎಂದು ನೋಡಿ. ರನ್‌ಔಟ್ ಪಟ್ಟಿಯ ಚಿತ್ರ ಕೇಳಿದ್ದರೆ, ಒಳಹಾಳೆ ಇದೆಯೇ ಎಂದು ವಿಚಾರಿಸಿದ್ದರೆ, ಅವರು ನಿಜವಾದ ಸಂಗ್ರಾಹಕರು ಅಥವಾ ಚೆನ್ನಾಗಿ ಬಲ್ಲ ವ್ಯಾಪಾರಿ. ಏನನ್ನೂ ಕೇಳದೆ ಹಣ ಕಳುಹಿಸುವ ವಿಧಾನದ ಬಗ್ಗೆಯೇ ಮಾತೆತ್ತಿದ್ದರೆ, ಅದರಲ್ಲೂ ಹೆಚ್ಚಿಗೆ ಹಣ ಕಳುಹಿಸಿ ಉಳಿದದ್ದನ್ನು ಮರಳಿಸಿ ಎಂದಿದ್ದರೆ, ಅಲ್ಲಿಗೇ ಮಾತು ನಿಲ್ಲಿಸಿ. ಎರಡು ದಿನದ ಗಡುವು ಅವರ ಅನುಕೂಲಕ್ಕೆ ಹಾಕಿದ್ದು. ಬೇಕಾದ ರೆಕಾರ್ಡಿಗಾಗಿ ಸಂಗ್ರಾಹಕರು ಇಪ್ಪತ್ತು ವರ್ಷ ಕಾಯುತ್ತಾರೆ, ಎರಡು ತಿಂಗಳು ಕಾಯದೆ ಇರುವುದಿಲ್ಲ. ಅವರಿಗೆ ಮರ್ಯಾದೆಯಿಂದ, ಚುಟುಕಾಗಿ ಬರೆಯಿರಿ: ರೆಕಾರ್ಡಿನ ವಿವರ ಮತ್ತು ಸ್ಥಿತಿಯನ್ನು ದಾಖಲಿಸುತ್ತಿದ್ದೇನೆ, ಮಾರಾಟಕ್ಕಿಡುವ ದಿನಾಂಕವನ್ನು ನಿಮಗೆ ಮೊದಲು ತಿಳಿಸುತ್ತೇನೆ, ಇದರ ಬಗ್ಗೆ ನಿಮಗೆ ತಿಳಿದದ್ದಿದ್ದರೆ ಹಂಚಿಕೊಳ್ಳಿ. ಅವರ ಮೊತ್ತ ನಿಮಗೆ ಈಗಲೇ ತೃಪ್ತಿಕರವೆನಿಸಿ, ಇಷ್ಟೆಲ್ಲ ಕೆಲಸ ಮಾಡುವ ಪುರುಸೊತ್ತು ನಿಮಗಿಲ್ಲದಿದ್ದರೆ ಅವರಿಗೇ ಕೊಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುಂದೆ ಅದೇ ಪ್ರತಿ ಇನ್ನೂ ದೊಡ್ಡ ಮೊತ್ತಕ್ಕೆ ಮಾರಾಟವಾಯಿತೆಂದು ಕೇಳಿದಾಗ ನಿದ್ದೆ ಕೆಡಿಸಿಕೊಳ್ಳುವ ಸ್ವಭಾವ ನಿಮ್ಮದಾಗಿರಬಾರದು, ಅಷ್ಟೆ.

ಮಾರಾಟವಾದ ಮೇಲೆ ತಟ್ಟೆಯನ್ನು ಕವರಿನೊಳಗೇ ಬಿಟ್ಟು ಕಳುಹಿಸಬೇಡಿ. ದಾರಿಯಲ್ಲಿ ಪೊಟ್ಟಣ ಒಮ್ಮೆ ಅಂಚಿನ ಮೇಲೆ ಬಿದ್ದರೂ ತಟ್ಟೆ ಕವರಿನ ಹೊಲಿಗೆಯನ್ನು ಸೀಳಿಕೊಂಡು ಹೊರಬರುತ್ತದೆ. ತಟ್ಟೆಯನ್ನು ಹೊಸ ಒಳಕವರಿಗೆ ಹಾಕಿ, ಹಳೆಯ ಒಳಕವರಿನೊಂದಿಗೆ ಕವರಿನ ಹಿಂದೆ ಇಟ್ಟು, ಎರಡನ್ನೂ ಒಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೇರಿಸಿ. ಎರಡೂ ಬದಿಗೆ ಗಟ್ಟಿಯಾದ ರಟ್ಟನ್ನು, ಒಂದರ ಏಣು ಇನ್ನೊಂದರ ಏಣಿಗೆ ಅಡ್ಡಬರುವಂತೆ, ಇಟ್ಟರೆ ಪೊಟ್ಟಣ ಯಾವ ದಿಕ್ಕಿಗೂ ಬಾಗದು. ಪೆಟ್ಟಿಗೆ ರೆಕಾರ್ಡಿಗಿಂತ ತುಸು ದೊಡ್ಡದಿದ್ದು, ಮೂಲೆಗಳು ಗೋಡೆಗೆ ತಾಗದಂತಿರಲಿ. ಪೂರ್ಣ ಮೊತ್ತಕ್ಕೆ ವಿಮೆ, ಜಾಡು ಹಿಡಿಯುವ ಸಂಖ್ಯೆ, ತಲುಪಿದ್ದಕ್ಕೆ ಸಹಿ, ಈ ಮೂರನ್ನೂ ಕೊಳ್ಳುವವರ ಖರ್ಚಿನಲ್ಲೇ ಕಡ್ಡಾಯಮಾಡಿ. ಕಟ್ಟುವ ಮುನ್ನ ತಟ್ಟೆಯ ಎರಡೂ ಬದಿಗಳ, ಲೇಬಲ್ಲಿನ ಮೇಲಿನ ಕಲೆಗಳ, ರನ್‌ಔಟ್ ಪಟ್ಟಿಯ ಮತ್ತು ಪ್ರತಿಯೊಂದು ಗೀರಿನ ಹತ್ತಿರದ ಚಿತ್ರ ತೆಗೆದು, ಕೊಂಡವರು ಸರಿಯಾಗಿ ತಲುಪಿತೆಂದು ಬರೆದು ಹಿಂದಿರುಗಿಸುವ ಅವಧಿ ಮುಗಿಯುವವರೆಗೂ ಜೋಪಾನವಾಗಿಡಿ. ಒಂದು ವೇಳೆ ರೆಕಾರ್ಡ್ ವಾಪಸ್ ಬಂದರೆ, ಬಂದದ್ದು ನೀವು ಕಳುಹಿಸಿದ ತಟ್ಟೆಯೇ ಎಂದು ಆ ಗೀರುಗಳನ್ನು ಹೋಲಿಸಿಯೇ ಗುರುತಿಸಬೇಕಾಗುತ್ತದೆ.